ಕಬ್ಬಿನ ದುಡ್ಡು ಬರೋವರೆಗೂ ಅಪ್ಪ ಬೇರೆ ಮನುಷ್ಯ ಆಗಿಬಿಡ್ತಾರೆ. ಚಿಂತೆ ಬುದ್ಧೀನ ತಿನ್ನುತ್ತಾ?

ನಾಲೆಬದಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ನಮ್ಮೂರು ಮಂಡ್ಯ ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆ ಬಯಲು. ಎರಡೂವರೆ ಎಕರೆ ಇದೆ, ಅದರಲ್ಲಿ ಎರಡು ಎಕರೆ ಕಬ್ಬು. ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡ್ತೀನಿ. ಶನಿವಾರ ರಾತ್ರಿ ಊರಿಗೆ ಹೋಗ್ತೀನಿ.

ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಲೆಕ್ಕದಲ್ಲಿ ಅವರನ್ನ ಮೀರಿಸೋರು ನಮ್ಮ ಬೀದಿಯಲ್ಲಿ ಇಲ್ಲ. ಲೋಡು ತೂಕ ಆಗಿ ಚೀಟಿ ಕೈಗೆ ಬಂದರೆ ಸಾಕು, ಟನ್ನಿಗೆ ಇಷ್ಟು, ಕಟಾವು ಕೂಲಿ ಇಷ್ಟು, ಟ್ರ್ಯಾಕ್ಟರ್ ಬಾಡಿಗೆ ಇಷ್ಟು ಅಂತ ಬಾಯಲ್ಲೇ ಕಳೆದು, ಕೈಗೆ ಉಳಿಯೋದು ಎಷ್ಟು ಅಂತ ಹೇಳಿಬಿಡ್ತಾರೆ. ನಾನು ಫೋನ್ ತೆಗೆಯೋ ಹೊತ್ತಿಗೆ ಉತ್ತರ ಬಂದಿರುತ್ತೆ.

ಹೋದ ವರ್ಷ ಕಟಾವು ತಡ ಆಯ್ತು. ಮೊದಲು ಪರ್ಮಿಟ್ ಬರಲಿಲ್ಲ. ಪರ್ಮಿಟ್ ಬಂದಾಗ ಕಡಿಯೋ ಗ್ಯಾಂಗ್ ಸಿಗಲಿಲ್ಲ. ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಕಳ್ಕೊಳ್ತಾ ಇತ್ತು. ಅದೇ ಹೊತ್ತಿಗೆ ತಂಗಿಯ ಕಾಲೇಜು ಫೀಸು. ಕೈಸಾಲ ಕೊಟ್ಟವರು ದಿನಾ ಬೆಳಗ್ಗೆ ಡೈರಿ ಮುಂದೆ ಎದುರಾಗ್ತಿದ್ದರು. ಏನೂ ಕೇಳ್ತಿರಲಿಲ್ಲ, ಸುಮ್ನೆ ಮುಖ ನೋಡ್ತಿದ್ದರು. ಜೊತೆಗೆ ಸೊಸೈಟಿ ಸಾಲದ ಗಡುವು. ಆ ಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ.

ಮಾವ ಎಲ್ಲಿಂದಲೋ ಹೊಂದಿಸಿ ದುಡ್ಡು ತಂದುಕೊಟ್ಟರು. ಅಪ್ಪ ಅದನ್ನ ಪಾಸ್‌ಬುಕ್ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಫೋಟೋ ಹಿಂದೆ ಇಟ್ಟರು. ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು. ನಾನು ಊರಿಗೆ ಹೋಗಿದ್ದು ಆರನೇ ದಿನ. ಕವರ್ ಅಲ್ಲೇ ಇತ್ತು.

"ಮರೆತೇಹೋಯ್ತು ಕಣಪ್ಪ" ಅಂದರು.

ನಾನು ರೇಗಿದೆ. "ನಿಮಗೆ ತಲೆ ಇದೆಯಾ ಅಪ್ಪ? ದುಡ್ಡು ಮನೇಲೇ ಇತ್ತಲ್ಲ!" ಅಂದೆ. ತಂಗಿ ಎದುರಿಗೆ ಅಂದೆ. ಅವರು ಏನೂ ಮಾತಾಡಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೊರಟುಹೋದರು.

ಮೇ ತಿಂಗಳಲ್ಲಿ ಕಬ್ಬಿನ ದುಡ್ಡು ಬಂತು. ಅದಾದ ವಾರಕ್ಕೆ ದಾಯಾದಿಗಳ ಮನೆಯಲ್ಲಿ ಜಮೀನು ಭಾಗ. ಅಳತೆ ಪಟ್ಟಿಯಲ್ಲಿ ಒಂದೂವರೆ ಗುಂಟೆ ಎರಡು ಸಲ ಲೆಕ್ಕಕ್ಕೆ ಬಂದಿದ್ದನ್ನ ಕಂಡುಹಿಡಿದದ್ದು ಇದೇ ಅಪ್ಪ. ಪೆನ್ನು, ಪೇಪರ್ ಏನೂ ಇರಲಿಲ್ಲ.

ಒಂದೇ ತಲೆ ಅಲ್ವಾ? ಮಾರ್ಚಿನಲ್ಲಿ ಆ ತಲೆಗೆ ಏನಾಗಿತ್ತು? ನಮ್ಮ ಕಬ್ಬಿನ ರೈತರ ಮೇಲೇ ಈ ಬಗ್ಗೆ ಒಂದು ಅಧ್ಯಯನ ಆಗಿದೆ ಅಂತ ಕೇಳಿದೆ. ಮನಃಶಾಸ್ತ್ರ ಓದಿದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ. ನಾನು ಆಡಿದ ಮಾತು ಇನ್ನೂ ಹೊಟ್ಟೆಯಲ್ಲಿ ಚುಚ್ತಾ ಇದೆ.


ಕೂಳೆಕಬ್ಬು (ಪಾಂಡವಪುರ)

ತಮ್ಮ, ನಿನ್ನ ಬರಹ ಓದಿ ನನ್ನದೇ ಮನೆ ಕಂಡಹಾಗಾಯ್ತು.

ನಾನು ಎರಡು ವರ್ಷದ ಹಿಂದೆ ಕಬ್ಬನ್ನ ಆಲೆಮನೆಗೆ ಕೊಟ್ಟೆ. ಕಾರ್ಖಾನೆ ರೇಟಿಗಿಂತ ಕಡಿಮೆಗೆ. ಮನೆಯವರು, ಭಾಮೈದ, ಎಲ್ಲರೂ "ಇನ್ನೊಂದು ತಿಂಗಳು ತಡೆಯೋಕೆ ಆಗಲಿಲ್ವಾ, ಬುದ್ಧಿ ಇಲ್ಲ" ಅಂದರು. ನನಗೆ ಗೊತ್ತಿತ್ತು, ಲೆಕ್ಕ ಹಾಕಿದರೆ ನಷ್ಟ. ಆದರೆ ಆಲೆಮನೆಯವನು ಕಡಿದ ಮೂರನೇ ದಿನಕ್ಕೆ ನೋಟು ಎಣಿಸಿ ಕೈಗಿಡ್ತಾನೆ. ಆವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಇದು ದಡ್ಡತನವಾ? ನನಗೂ ಗೊತ್ತಾಗಬೇಕು.


ಗಂಗೋತ್ರಿ_ಬ್ಯಾಚ್ (ಮೈಸೂರು)

ನಾನು ಮಾನಸಗಂಗೋತ್ರಿಯಲ್ಲಿ ಮನಃಶಾಸ್ತ್ರ ಎಂಎಸ್ಸಿ ಮಾಡಿದವಳು. ಈಗ ಮಕ್ಕಳ ಜೊತೆ ಕೆಲಸ. ನೀವು ಕೇಳಿದ ಅಧ್ಯಯನ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ನಿಧಾನವಾಗಿ ಹೇಳ್ತೀನಿ.

2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೋ ಸೇರಿ ಮಾಡಿದ್ದು. ತಮಿಳುನಾಡಿನ 54 ಹಳ್ಳಿಗಳ 464 ಸಣ್ಣ ಕಬ್ಬು ಬೆಳೆಗಾರರು. ಒಬ್ಬನೇ ರೈತನಿಗೆ ಎರಡು ಸಲ ಪರೀಕ್ಷೆ ಕೊಟ್ಟರು. ಒಂದು ಸಲ ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ. ಇನ್ನೊಂದು ಸಲ ಕಟಾವು ಆದ ಮೇಲೆ, ಕೈಯಲ್ಲಿ ಕಾಸು ಇದ್ದಾಗ. ಕಟಾವಿಗೆ ಮುಂಚೆ ನೂರಕ್ಕೆ 78 ಜನ ಏನಾದರೂ ಅಡ ಇಟ್ಟಿದ್ದರು. ಆಮೇಲೆ ನೂರಕ್ಕೆ 4.

ಪರೀಕ್ಷೆ ಅಂದರೆ ಓದು ಬರಹ ಬೇಕಾಗಿದ್ದಲ್ಲ. ರೇವನ್ ಮೇಟ್ರಿಸಸ್ ಅಂತ ಇದೆ. ಚೌಕದೊಳಗೆ ಗೆರೆ, ಚಿತ್ತಾರ ಇರುತ್ತೆ, ಒಂದು ಮೂಲೆ ಖಾಲಿ ಇರುತ್ತೆ. ಆ ಜಾಗಕ್ಕೆ ಯಾವ ತುಂಡು ಕೂರುತ್ತೆ ಅಂತ ಹುಡುಕಬೇಕು. ರಂಗೋಲಿಯ ಅಳಿಸಿಹೋದ ಮೂಲೆ ತುಂಬೋ ಹಾಗೆ. ಕಟಾವಿಗೆ ಮುಂಚೆ ಸರಾಸರಿ 4.35 ಸರಿ ಉತ್ತರ, ಆದ ಮೇಲೆ 5.45. ಅದೇ ಮನುಷ್ಯ, ಅದೇ ಊರು, ನಡುವೆ ಕೆಲವೇ ತಿಂಗಳು.

ಅವರು ಕೊಡೋ ವಿವರಣೆ ಸರಳ. ಒಂದು ಹೊತ್ತಿಗೆ ನಮ್ಮ ಗಮನ ಹಿಡಿಯೋ ಸಂಗತಿಗಳಿಗೆ ಮಿತಿ ಇದೆ. ಆ ಜಾಗವನ್ನ ಸಾಲ, ಫೀಸು, ಡೈರಿ ಮುಂದೆ ನಿಂತ ಮುಖ ತುಂಬಿಕೊಂಡುಬಿಟ್ಟರೆ ಉಳಿದ ಕೆಲಸಕ್ಕೆ ಜಾಗ ಇರಲ್ಲ. ಬುದ್ಧಿ ಎಲ್ಲೂ ಹೋಗಿರಲ್ಲ, ಬೇರೆ ಕಡೆ ದುಡೀತಾ ಇರುತ್ತೆ. ನಿಮ್ಮ ಅಪ್ಪ ಗಡುವು ಮರೆತದ್ದು ನನಗೆ ಆಶ್ಚರ್ಯ ಅಲ್ಲ. ಮುಂದೆ ಮಾಡಬೇಕಾದ್ದನ್ನ ನೆನಪಲ್ಲಿ ಇಟ್ಟುಕೊಳ್ಳೋ ಶಕ್ತಿ ಇಂಥ ಹೊತ್ತಲ್ಲಿ ಕೈಕೊಡಬಹುದು. ಎರಡು ತಾಸು ದುಡ್ಡಿನದೇ ಮಾತಾಡಿ, ಏಳುವಾಗ ಗ್ಯಾಸ್ ಮೇಲಿಟ್ಟ ಹಾಲು ಮರೆತೇಹೋಗಿರುತ್ತಲ್ಲ, ಹಾಗೆ.

ಕೂಳೆಕಬ್ಬು ಅಣ್ಣ, ನಿಮ್ಮದು ದಡ್ಡತನ ಅಲ್ಲವೇ ಅಲ್ಲ. ಅಮೆರಿಕದಲ್ಲಿ 2013ರಲ್ಲೇ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು 28 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, "ನಾನು ಬರೋವರೆಗೂ ತಿನ್ನದೆ ಇದ್ದರೆ ಎರಡು ಕೊಡ್ತೀನಿ" ಅನ್ನೋದು. ಇದು ವಾಲ್ಟರ್ ಮಿಶೆಲ್ ಶುರು ಮಾಡಿದ ಹಳೇ ಪ್ರಯೋಗ. ಕಾಯೋ ಮಗು ಮುಂದೆ ಬರುತ್ತೆ, ತಿಂದುಬಿಡೋ ಮಗುವಿಗೆ ಸಂಯಮ ಇಲ್ಲ ಅಂತ ಲೋಕ ತಿಳ್ಕೊಂಡಿತ್ತು. ಕಿಡ್ ಒಂದು ಬದಲಾವಣೆ ಮಾಡಿದರು. ಮಿಠಾಯಿಗೆ ಮುಂಚೆ ಅರ್ಧ ಮಕ್ಕಳಿಗೆ "ಒಳ್ಳೇ ಬಣ್ಣದ ಪೆನ್ಸಿಲ್ ತರ್ತೀನಿ" ಅಂತ ಹೇಳಿ ತಂದುಕೊಡಲೇ ಇಲ್ಲ. ಉಳಿದರ್ಧಕ್ಕೆ ಹೇಳಿದಂತೆ ತಂದುಕೊಟ್ಟರು. ಮಾತು ತಪ್ಪಿದ್ದನ್ನ ನೋಡಿದ ಮಕ್ಕಳು ಸರಾಸರಿ 3 ನಿಮಿಷ ಕಾದವು. ಮಾತು ಉಳಿಸಿಕೊಂಡದ್ದನ್ನ ನೋಡಿದ ಮಕ್ಕಳು 12 ನಿಮಿಷ.

ಕೊಟ್ಟ ಮಾತು ನಡೆಯದ ಕಡೆ ಕಾಯದೇ ಇರೋದೇ ಲೆಕ್ಕಾಚಾರ. ನೀವು ಆಲೆಮನೆಗೆ ಕೊಟ್ಟಿದ್ದು ಆ ಲೆಕ್ಕದಲ್ಲಿ.


ಪ್ರಶ್ನೆಗಾರ (ಮೈಸೂರು, ಕುವೆಂಪುನಗರ)

ಗಂಗೋತ್ರಿ ಮೇಡಂ, ಗೌರವದಿಂದಲೇ ಕೇಳ್ತಿದ್ದೀನಿ. ಮೂರು ಅನುಮಾನ.

ಎರಡನೇ ಸಲ ಅದೇ ಥರದ ಒಗಟು ಬಿಡಿಸಿದರೆ ಯಾರಿಗಾದರೂ ಜಾಸ್ತಿ ಸರಿ ಬರುತ್ತೆ, ಅಭ್ಯಾಸ ಆಗಿರುತ್ತೆ. ಕಟಾವಿಗೆ ಮುಂಚೆ ಹೊಟ್ಟೆಗೂ ಕಡಿಮೆ ಬಿದ್ದಿರಬಹುದು, ಮೈ ದಣಿದಿರಬಹುದು, ಅದಕ್ಕೆ ಬುದ್ಧಿ ಮಂಕಾಗಿರಬಹುದು. ಮೂರನೇದು, 2016ರಲ್ಲಿ ಕಾರ್ವಾಲ್ಹೋ, ಮೇಯರ್, ವಾಂಗ್ ಅನ್ನೋರು ಅಮೆರಿಕದ ಕಡಿಮೆ ಆದಾಯದವರನ್ನ ಸಂಬಳದ ದಿನದ ಮುಂಚೆ ಮತ್ತು ನಂತರ ಪರೀಕ್ಷೆ ಮಾಡಿದರು. ಬುದ್ಧಿಯ ಪರೀಕ್ಷೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಇದನ್ನ ಬಿಟ್ಟು ಬರೀ ಒಂದು ಕಡೆಯದನ್ನೇ ಹೇಳಿದರೆ ಸರಿಯಲ್ಲ ಅಲ್ವಾ?


ಗಂಗೋತ್ರಿ_ಬ್ಯಾಚ್ (ಮೈಸೂರು)

ಒಳ್ಳೆಯ ಪ್ರಶ್ನೆಗಳು. ಹೀಗೇ ಕೇಳಬೇಕು.

ಅಭ್ಯಾಸದ ಅನುಮಾನ ಅವರಿಗೂ ಇತ್ತು. ಅದಕ್ಕೇ ಒಂದಷ್ಟು ರೈತರನ್ನ ಮೊದಲ ಸುತ್ತಿಗೆ ಕರೆಯದೆ ಕಟಾವಿನ ನಂತರ ಮಾತ್ರ ಪರೀಕ್ಷೆ ಮಾಡಿದರು. ಅವರ ಅಂಕವೂ ಎರಡನೇ ಸಲ ಬರೆದವರ ಹಾಗೇ ಬಂತು. ಊಟದ ಖರ್ಚು, ರಕ್ತದೊತ್ತಡ, ನಾಡಿ ಬಡಿತ ಎಲ್ಲ ಲೆಕ್ಕಕ್ಕೆ ತಗೊಂಡರು. ಅದನ್ನೆಲ್ಲ ಕಳೆದರೂ ವ್ಯತ್ಯಾಸ ಉಳೀತು. ಇನ್ನೊಂದು ಮಾತು ಮಂಡ್ಯದವರಿಗೆ ಬೇಗ ಅರ್ಥ ಆಗುತ್ತೆ. ಕಾರ್ಖಾನೆ ಎಲ್ಲರ ಕಬ್ಬನ್ನ ಒಂದೇ ದಿನ ಅರೆಯೋಕೆ ಆಗಲ್ಲ. ಪಕ್ಕಪಕ್ಕದ ಗದ್ದೆಗೂ ಕಟಾವಿನ ಸರದಿ ತಿಂಗಳುಗಟ್ಟಲೆ ಹಿಂದೆ ಮುಂದೆ. ಹಾಗಾಗಿ ಒಂದೇ ತಿಂಗಳಲ್ಲಿ ಕೆಲವರು ಕಟಾವಿಗೆ ಮುಂಚೆ, ಕೆಲವರು ನಂತರ ಸಿಗ್ತಾರೆ. ಬಿಸಿಲು, ಹಬ್ಬ, ಸೀಸನ್ನಿನಿಂದ ಹೀಗಾಯ್ತು ಅನ್ನೋ ಹಾಗಿಲ್ಲ.

ಮೂರನೇ ಅನುಮಾನ ಗಟ್ಟಿ. ನಾನು ಅದನ್ನ ಮುಚ್ಚಿಡಲ್ಲ. ನನ್ನ ಅಭಿಪ್ರಾಯ ಹೇಳ್ತೀನಿ. ತಿಂಗಳಿಗೆ ಎರಡು ಸಲ ಸಂಬಳ ಬರೋ ಮನುಷ್ಯನ ಸಂಬಳದ ಹಿಂದಿನ ದಿನವೂ, ವರ್ಷಕ್ಕೊಂದು ಸಲ ದುಡ್ಡು ನೋಡೋ ರೈತನ ಹನ್ನೊಂದನೇ ತಿಂಗಳೂ ಒಂದೇ ತೂಕದವಲ್ಲ. ಮೊದಲನೆಯವನಿಗೆ ದುಡ್ಡು ಯಾವತ್ತು ಬರುತ್ತೆ ಅಂತ ಗೊತ್ತು. ನಿಮ್ಮ ಅಪ್ಪನಿಗೆ ಅದು ಗೊತ್ತಿರಲಿಲ್ಲ.

ಒಡಿಶಾದಲ್ಲಿ ಸುಪ್ರೀತ್ ಕೌರ್, ಮುಲ್ಲೈನಾಥನ್, ಸುವನ್ನ ಓ, ಫ್ರಾಂಕ್ ಶಿಲ್ಬಾಕ್ ಸೇರಿ ಇನ್ನೊಂದು ಪ್ರಯೋಗ ಮಾಡಿದ್ದಾರೆ. ಕೂಲಿಯವರು ಊಟದ ತಟ್ಟೆ ತಯಾರಿಸೋ ಕೆಲಸ. ಕೆಲವರಿಗೆ ಸೇರಬೇಕಾದ ಕೂಲಿಯ ಒಂದು ಭಾಗವನ್ನ ಮೊದಲೇ ಕೊಟ್ಟರು. ದರ ಒಂದೇ, ಒಟ್ಟು ಕೂಲಿಯಲ್ಲೂ ಬದಲಾವಣೆ ಇಲ್ಲ, ಬರೀ ಬೇಗ. ದುಡ್ಡು ಕೈಗೆ ಬಂದ ಮೇಲೆ ಅವರ ಕೆಲಸ ಸುಮಾರು 7 ಶೇಕಡ ಜಾಸ್ತಿ ಆಯ್ತು, ಗಮನ ತಪ್ಪಿ ಆಗೋ ತಪ್ಪುಗಳೂ ಕಡಿಮೆ ಆದವು. ಸಾಲ ತೀರಿಸಿದರು, ಮನೆಗೆ ಬೇಕಾದ್ದು ತಂದರು, ಕೈ ಹಗುರ ಆಯ್ತು. ಇದು ಒಗಟಿನ ಕಾಗದ ಅಲ್ಲ, ದಿನದ ದುಡಿಮೆ.


ಹಳೇಮಂಡ್ಯ

ನಾನು ಒಪ್ಪಲ್ಲ. ನಮ್ಮ ತಂದೆ ಕಾಲದಲ್ಲೂ ಸಾಲ ಇತ್ತು, ಬರ ಇತ್ತು, ನಾಲೆ ನೀರು ನಿಲ್ತಿತ್ತು. ಅವರೇನು ದಡ್ಡರಾದರಾ? ಐದು ಮಕ್ಕಳನ್ನ ಓದಿಸಿದರು. ಬುದ್ಧಿ ಅನ್ನೋದು ಹುಟ್ಟಿನಿಂದ, ರಕ್ತದಲ್ಲಿ ಬರಬೇಕು. ಈಗ ಎಲ್ಲದಕ್ಕೂ ಒಂದು ಸ್ಟಡಿ ತೋರಿಸಿ ಜವಾಬ್ದಾರಿ ಕಳಚಿಕೊಳ್ತಾರೆ.


ನಾಲೆಬದಿ (ಮಂಡ್ಯ)

ಸರ್, ನಿಮ್ಮ ತಂದೆಯವರ ಮೇಲೆ ನನಗೆ ಗೌರವ ಇದೆ. ಆದರೆ ನಮ್ಮಪ್ಪ ಜವಾಬ್ದಾರಿ ಕಳಚಿಕೊಳ್ಳಲಿಲ್ಲ. ಅವತ್ತಿಂದ ಆ ಬಡ್ಡಿಯನ್ನ ಅವರೇ ಮೇಲೆ ಹಾಕಿಕೊಂಡು ಬೀಡಿ ಬಿಟ್ಟಿದ್ದಾರೆ, ಮಂಡ್ಯಕ್ಕೆ ಹೋದರೆ ಟೀ ಕುಡಿಯಲ್ಲ. ಜವಾಬ್ದಾರಿ ಜಾಸ್ತಿ ಆಗಿದ್ದಕ್ಕೇ ಹೀಗಾಯ್ತು ಅಂತ ನನಗೀಗ ಅನ್ನಿಸ್ತಿದೆ.


ಗಂಗೋತ್ರಿ_ಬ್ಯಾಚ್ (ಮೈಸೂರು)

ಹಳೇಮಂಡ್ಯ ಸರ್, ರಕ್ತದ್ದು ಏನೂ ಇಲ್ಲ ಅಂತ ಯಾರೂ ಹೇಳ್ತಿಲ್ಲ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ವಂಶದ ಪಾತ್ರ ಚೆನ್ನಾಗಿಯೇ ಕಾಣುತ್ತೆ. ಆದರೆ 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಅಮೆರಿಕದ ಏಳು ವರ್ಷದ ಅವಳಿ ಮಕ್ಕಳ ಲೆಕ್ಕ ತೆಗೆದರು. ಉಳ್ಳವರ ಮನೆಗಳಲ್ಲಿ ಮಕ್ಕಳ ಐಕ್ಯೂ ವ್ಯತ್ಯಾಸಕ್ಕೆ ಬಹುಪಾಲು ವಂಶ ಕಾರಣ. ತೀರಾ ಬಡವರ ಮನೆಗಳಲ್ಲಿ ವಂಶದ ಪಾಲು ಹೆಚ್ಚುಕಡಿಮೆ ಸೊನ್ನೆ, ಮನೆಯ ಪರಿಸ್ಥಿತಿಯೇ ದೊಡ್ಡ ಪಾಲು. ನಿಮಗೆ ಗದ್ದೆಯ ಮಾತಲ್ಲಿ ಹೇಳಬೇಕು ಅಂದರೆ, ನೀರು ಸಾಕಷ್ಟು ಇರೋ ಗದ್ದೆಯಲ್ಲಿ ತಳಿಯ ಗುಣ ಕಾಣುತ್ತೆ. ನಾಲೆಯ ಕೊನೆಯಲ್ಲಿ, ನೀರೇ ತಲುಪದ ಗದ್ದೆಯಲ್ಲಿ ಯಾವ ತಳಿ ಹಾಕಿದರೂ ಅಷ್ಟೇ ಎತ್ತರ.

ಇನ್ನೊಂದು. 20ನೇ ಶತಮಾನದಲ್ಲಿ ಅಮೆರಿಕದಲ್ಲಿ ಐಕ್ಯೂ ಅಂಕ ಹತ್ತು ವರ್ಷಕ್ಕೆ ಸುಮಾರು 3ರಂತೆ ಏರುತ್ತಾ ಬಂತು. ಇದನ್ನ ಗಟ್ಟಿಯಾಗಿ ತೋರಿಸಿದವರು ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್. ಎರಡು ಮೂರು ತಲೆಮಾರಿನಲ್ಲಿ ರಕ್ತ ಅಷ್ಟು ಬದಲಾಗಲ್ಲ. ಬದಲಾಗಿದ್ದು ಶಾಲೆ, ಊಟ, ಆರೋಗ್ಯ, ದಿನವೂ ಮಾಡೋ ಕೆಲಸದ ರೀತಿ.

ಒಂದು ಮಾತು ಹೆಮ್ಮೆಯಿಂದ ಹೇಳಬೇಕು. ಬುದ್ಧಿ ಬೇಕಾದ ಎಲ್ಲ ಥರದ ಕೆಲಸದ ಹಿಂದೆಯೂ ಒಂದೇ 'ಸಾಮಾನ್ಯ ಬುದ್ಧಿ' ಇದೆ ಅನ್ನೋ ಕಲ್ಪನೆಯನ್ನ 1904ರಲ್ಲಿ ಮುಂದಿಟ್ಟ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಲಂಡನ್ನಿನಲ್ಲಿ ಕಲಿತು ಬಂದವರು ನಮ್ಮ ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು ಅವರ ಕೈಯಲ್ಲಿ. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಎರಡನೆಯದು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದವರೂ ಅವರೇ. 'ಆಕಾಶವಾಣಿ' ಅನ್ನೋ ಹೆಸರು ಆ ಮನೆಯಿಂದ ದೇಶಕ್ಕೆ ಹೋಯ್ತು. ನೂರು ವರ್ಷದಿಂದ ಮೈಸೂರಿನಲ್ಲಿ ಓದಿಸ್ತಿರೋ ವಿಷಯ ಇದು. ಆದರೂ ಮನೆಗಳಲ್ಲಿ ನಾವು ಮಕ್ಕಳನ್ನ 'ಜಾಣ', 'ದಡ್ಡ' ಅಂತ ಎರಡೇ ರಾಶಿ ಮಾಡ್ತೀವಿ. ಅದು ನನಗೆ ನೋವು.


ಬಿಳಿಸೀಮೆಸುಣ್ಣ (ಮದ್ದೂರು)

ನಾನು ಹೈಸ್ಕೂಲ್ ಟೀಚರ್. ಇಪ್ಪತ್ತೊಂದು ವರ್ಷ ಸರ್ವಿಸ್. ನನ್ನ ಕೈಯಲ್ಲೇ ಆದ ಒಂದು ತಪ್ಪು ಬರೀತೀನಿ.

ಪ್ರತಿ ವರ್ಷ ಸ್ಕಾಲರ್‌ಶಿಪ್ ಅರ್ಜಿ ತುಂಬಿಸಬೇಕು. ನಾನು ಮೊದಲ ಪೀರಿಯಡ್ಡಿನಲ್ಲಿ ರಿಜಿಸ್ಟರ್ ಹಿಡಿದು, ಜಾತಿ ಹೆಸರು ಹೇಳಿ, "ಇವರೆಲ್ಲ ಎದ್ದು ನಿಂತ್ಕೊಳ್ಳಿ, ಆಧಾರ್ ತಂದಿದ್ದೀರಾ?" ಅಂತ ಕೇಳ್ತಿದ್ದೆ. ಒಳ್ಳೇದಕ್ಕೇ ಕೇಳ್ತಿದ್ದೆ. ದುಡ್ಡು ತಪ್ಪಬಾರದು ಅಂತ. ಅದಾದ ತಕ್ಷಣ ಗಣಿತ ಪಾಠ.

ಒಬ್ಬ ಹುಡುಗ ಇದ್ದ, ಎಂಟನೇ ತರಗತಿ. ಬೋರ್ಡಿನ ಹತ್ತಿರ ಕರೆದರೆ ಲೆಕ್ಕ ಚಕಚಕ ಬಿಡಿಸೋನು. ಆ ವಾರ ಕರೆದರೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟ. ಬೆವರಿಗೆ ಸೀಮೆಸುಣ್ಣ ಒದ್ದೆಯಾಗಿ ಬೆರಳಿಗೆ ಅಂಟಿಕೊಂಡಿತ್ತು. "ಏನಾಯ್ತೋ?" ಅಂದೆ. "ಬರಲ್ಲ ಮಿಸ್" ಅಂದ. ನಾನೂ ಕೂತ್ಕೋ ಅಂದುಬಿಟ್ಟೆ.

ಎಷ್ಟೋ ವರ್ಷದ ಮೇಲೆ ಒಂದು ತರಬೇತಿಯಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರ ಪ್ರಯೋಗದ ಬಗ್ಗೆ ಕೇಳಿದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ 642 ಹುಡುಗರು. ಅರ್ಧ ಮೇಲ್ಜಾತಿ, ಅರ್ಧ ಕೆಳಜಾತಿ ಅನ್ನಿಸಿಕೊಂಡವರು. ಕಾಗದದ ಮೇಲೆ ದಾರಿ ಹುಡುಕೋ ಒಗಟು ಬಿಡಿಸಬೇಕು, ಬಿಡಿಸಿದ್ದಕ್ಕೆ ಕಾಸು. ಯಾರ ಜಾತಿಯೂ ಹೇಳದೆ ಇದ್ದಾಗ ಇಬ್ಬರೂ ಸರಿಸಮ. ಹುಡುಗನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲರ ಮುಂದೆ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಒಗಟು ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ಆಯ್ತು. 2004ರಲ್ಲಿ ಬಂದ ವರದಿ.

ಅವತ್ತು ತರಬೇತಿ ಹಾಲಿನಲ್ಲಿ ಕೂತಿದ್ದವಳಿಗೆ ಆ ಒದ್ದೆ ಸೀಮೆಸುಣ್ಣ ನೆನಪಾಯ್ತು. ಊಟಕ್ಕೆ ಬಿಟ್ಟಾಗ ನಾನು ಊಟ ಮಾಡಲಿಲ್ಲ.

ಈಗ ಅರ್ಜಿ ವಿಷಯ ತರಗತಿಯಲ್ಲಿ ಎತ್ತಲ್ಲ. ಒಬ್ಬೊಬ್ಬರ ಪಟ್ಟಿ ಮಡಿಚಿ ಕೈಗೆ ಕೊಡ್ತೀನಿ, ಅಥವಾ ಅಪ್ಪ ಅಮ್ಮನಿಗೆ ಫೋನ್ ಮಾಡ್ತೀನಿ. ಟೆಸ್ಟ್ ಇರೋ ದಿನವಂತೂ ಆಗಲೇ ಬಾರದು. ಟೀಚರ್‌ಗಳು ಯಾರಾದರೂ ಇದನ್ನ ಓದ್ತಿದ್ದರೆ ದಯವಿಟ್ಟು ಇದೊಂದು ಮಾಡಿ. ಖರ್ಚಿಲ್ಲ.


ಪ್ರಶ್ನೆಗಾರ (ಮೈಸೂರು, ಕುವೆಂಪುನಗರ)

ಟೀಚರ್ ಮೇಡಂ, ನೀವು ಬರೆದದ್ದು ಓದಿ ಸುಮ್ಮನಾದೆ. ನಾನು ಕೇಳಿದ್ದು ವಾದಕ್ಕೆ ಅಲ್ಲ. ಟೀಚರ್ ನಿರೀಕ್ಷೆಯಿಂದ ಮಗುವಿನ ಬುದ್ಧಿ ಬೆಳೆಯುತ್ತೆ ಅಂತ ರೋಸೆಂತಾಲ್ ಪ್ರಯೋಗ ತೋರಿಸಿ ಎಲ್ಲ ಕಡೆ ಭಾಷಣ ಮಾಡ್ತಾರಲ್ಲ, ಅದರ ಬಗ್ಗೆ ನಿಮ್ಮ ಅನುಭವ ಏನು?


ಬಿಳಿಸೀಮೆಸುಣ್ಣ (ಮದ್ದೂರು)

ಅದು 1968ರಲ್ಲಿ ಪುಸ್ತಕವಾಗಿ ಬಂತು. ರಾಬರ್ಟ್ ರೋಸೆಂತಾಲ್, ಲೆನೋರ್ ಜೇಕಬ್ಸನ್. ಟೀಚರ್‌ಗಳಿಗೆ ಒಂದಷ್ಟು ಮಕ್ಕಳ ಹೆಸರು ಕೊಟ್ಟು "ಇವರು ಈ ವರ್ಷ ಅರಳ್ತಾರೆ" ಅಂದರು. ಹೆಸರುಗಳನ್ನ ಆರಿಸಿದ್ದು ಚೀಟಿ ಎತ್ತಿದ ಹಾಗೆ. ವರ್ಷದ ಕೊನೆಗೆ ಒಂದು, ಎರಡನೇ ತರಗತಿಯಲ್ಲಿ ಆ ಮಕ್ಕಳ ಅಂಕ ನಿಜವಾಗಿ ಮೇಲೆ ಹೋಗಿತ್ತು. ದೊಡ್ಡ ತರಗತಿಗಳಲ್ಲಿ ಅಷ್ಟು ಕಾಣಲಿಲ್ಲ. ಆಮೇಲೆ ಅದರ ಮೇಲೆ ಬೇಕಾದಷ್ಟು ತಕರಾರು ಬಂತು, ಪರಿಣಾಮ ಅಂದುಕೊಂಡಷ್ಟು ದೊಡ್ಡದಲ್ಲ ಅಂತಲೂ ಆಯ್ತು. ನಾನು ಭಾಷಣದವರ ಜೊತೆ ಸೇರಲ್ಲ. ಬರೀ ನಂಬಿಕೆಯಿಂದ ಮಗು ಗಣಿತ ಕಲಿಯಲ್ಲ, ಕೂರಿಸಿ ಕಲಿಸಬೇಕು.

ಆದರೆ ತರಗತಿಯಲ್ಲಿ ನಾನು ಕಂಡದ್ದು ಇದು. ನನಗೆ 'ಇವನಿಗೆ ಬರುತ್ತೆ' ಅನ್ನಿಸಿದ ಹುಡುಗ ತಡವರಿಸಿದರೆ ಹತ್ತು ಸೆಕೆಂಡು ಕಾಯ್ತೀನಿ. 'ಇವನಿಗೆ ಬರಲ್ಲ' ಅನ್ನಿಸಿದವನು ತಡವರಿಸಿದರೆ ಎರಡು ಸೆಕೆಂಡಿಗೆ ಪಕ್ಕದವನನ್ನ ಕೇಳ್ತೀನಿ. ನನಗೇ ಗೊತ್ತಿಲ್ಲದ ಹಾಗೆ. ಒಂದು ವಾರ ವಾಚ್ ನೋಡಿಕೊಂಡು ಪಾಠ ಮಾಡಿದಾಗ ಗೊತ್ತಾಯ್ತು. ಆ ಎಂಟು ಸೆಕೆಂಡು ದಿನಾ ಸಿಗೋ ಮಗುವಿಗೂ ಸಿಗದ ಮಗುವಿಗೂ ವರ್ಷದ ಕೊನೆಗೆ ಎಷ್ಟು ಅಂತರ ಬೀಳಬೇಡ!


ಮಲ್ಲಿಗೆಮೊಗ್ಗು (ಮೈಸೂರು)

ನಾನು ಇಲ್ಲಿ ಬರೆಯೋದು ಕಡಿಮೆ. ಈ ಚರ್ಚೆ ನೋಡಿ ಬರೆಯಲೇಬೇಕು ಅನ್ನಿಸ್ತು.

ನನ್ನ ಮಗನಿಗೆ ಆರು ವರ್ಷ ಇದ್ದಾಗ ಒಂದು ಶಾಲೆಯಲ್ಲಿ ಯಾರನ್ನೋ ಕರೆಸಿ ಐಕ್ಯೂ ಪರೀಕ್ಷೆ ಮಾಡಿಸಿದರು. ಇಂಗ್ಲಿಷಿನಲ್ಲಿ ಪ್ರಶ್ನೆ. 74 ಅಂತ ಬರೆದುಕೊಟ್ಟರು. ಆ ಕಾಗದ ಕೈಯಲ್ಲಿ ಹಿಡಿದು ನಾನು ಸಿಟಿ ಬಸ್ಸಿನಲ್ಲಿ ಅತ್ತೆ. ಮಗ ಪಕ್ಕದಲ್ಲಿ ಕೂತು ಕಿಟಕಿಯಿಂದ ಬಸ್ ನಂಬರ್ ಓದ್ತಿದ್ದ.

ನಮ್ಮ ಪಕ್ಕದ ಮನೆ ಅಜ್ಜಿ, "ಟಿವಿ ಸೌಂಡು ಜಾಸ್ತಿ ಇಡ್ತಾನಲ್ಲ, ಕಿವಿ ತೋರಿಸಿದ್ದೀಯೇನೇ?" ಅಂದರು. ಮಾನಸಗಂಗೋತ್ರಿ ಪಕ್ಕದ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಎರಡೂ ಕಿವಿಯಲ್ಲಿ ಕೇಳಿಸೋದು ಕಡಿಮೆ ಇತ್ತು. ಅಲ್ಲಿ ಮೊದಲು ಕಿವಿ ನೋಡಿದರು. ಆಮೇಲೆ, ಎಷ್ಟೋ ತಿಂಗಳ ನಂತರ, ಕನ್ನಡದಲ್ಲಿ, ಆಟ ಆಡಿಸಿಕೊಂಡು ಬುದ್ಧಿಯ ಪರೀಕ್ಷೆ ಮಾಡಿದರು. ಅವನ ವಯಸ್ಸಿಗೆ ಇರಬೇಕಾದಷ್ಟೇ ಬಂತು.

ಆ 74 ನನ್ನ ಮಗನ ಬುದ್ಧಿ ಅಳೆದದ್ದಲ್ಲ. ಕೇಳಿಸದ ಪ್ರಶ್ನೆಗೆ, ಬಾರದ ಭಾಷೆಯಲ್ಲಿ ಅವನು ಸುಮ್ಮನಿದ್ದದ್ದನ್ನ ಅಳೆದದ್ದು. ಆದರೆ ಆ ನಂಬರು ಅವನ ಮೇಲೆ ಒಂದು ವರ್ಷ ಕೂತಿತ್ತು. ನಾನೇ ಅವನಿಗೆ ಮನೆಯಲ್ಲಿ ಸುಲಭದ ಕೆಲಸ ಕೊಡೋಕೆ ಶುರು ಮಾಡಿದ್ದೆ. "ನೀನು ಬಿಡು ಕಂದ, ಅಮ್ಮ ಮಾಡ್ತೀನಿ" ಅಂತ.


ಗಂಗೋತ್ರಿ_ಬ್ಯಾಚ್ (ಮೈಸೂರು)

ಮಲ್ಲಿಗೆಮೊಗ್ಗು, ನೀವು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಈ ಪರೀಕ್ಷೆಯನ್ನ ಮೊದಲು ಮಾಡಿದ ಆಲ್ಫ್ರೆಡ್ ಬಿನೆ ಉದ್ದೇಶವೇ ಬೇರೆ ಇತ್ತು. ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸೋಕೆ 1905ರಲ್ಲಿ ಸಿಮೋನ್ ಜೊತೆ ಸೇರಿ ಮಾಡಿದರು. ಬುದ್ಧಿ ಅನ್ನೋದು ಹೆಚ್ಚಿಸೋಕೆ ಆಗದ ಒಂದು ಅಳತೆ ಅಂತ ಹೇಳೋರನ್ನ ಅವರು ನೇರವಾಗಿ ವಿರೋಧಿಸಿದರು. 1911ರಲ್ಲಿ ತೀರಿಕೊಂಡರು. ಆಮೇಲೆ ಆ ಪರೀಕ್ಷೆ ಮಕ್ಕಳ ಹಣೆಗೆ ಮುದ್ರೆ ಒತ್ತೋ ಸಾಧನ ಆಗಿದ್ದು ಬೇರೆಯವರ ಕೈಯಲ್ಲಿ.

ನಮ್ಮಲ್ಲೂ ಇದರ ಸೂಕ್ಷ್ಮ ತಿಳಿದವರು ಇದ್ದರು. ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಬಿನೆ ಪರೀಕ್ಷೆಯನ್ನ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬರೀ ಅನುವಾದ ಅಲ್ಲ, ಇಲ್ಲಿನ ಮಕ್ಕಳ ಮೇಲೆ ಮಾಡಿ ನೋಡಿ ವಯಸ್ಸಿಗೆ ತಕ್ಕ ಹಾಗೆ ಜೋಡಿಸಿದ್ದು. ಬಿನೆ-ಕಾಮತ್ ಪರೀಕ್ಷೆ ಅಂತಲೇ ಹೆಸರು.

ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಇಷ್ಟೇ. ಯಾರಾದರೂ ಐಕ್ಯೂ ನಂಬರ್ ಕೊಟ್ಟರೆ ನಾಲ್ಕು ಪ್ರಶ್ನೆ ಕೇಳಿ. ಯಾವ ಪರೀಕ್ಷೆ? ಯಾವ ಭಾಷೆಯಲ್ಲಿ? ಮುಂಚೆ ಕಿವಿ, ಕಣ್ಣು ನೋಡಿದ್ರಾ? ಅವತ್ತು ಮಗು ಹೇಗಿತ್ತು, ನಿದ್ದೆ ಮಾಡಿತ್ತಾ, ಹೆದರಿತ್ತಾ? ಉತ್ತರ ಇಲ್ಲದಿದ್ದರೆ ಆ ನಂಬರ್ ಮನೆಗೆ ತರಬೇಡಿ.


ಕೂಳೆಕಬ್ಬು (ಪಾಂಡವಪುರ)

ಎಲ್ಲ ಸರಿ. ಈಗ ಕೆಲಸದ ಮಾತು. ಈ ಹೊರೆ ಇಳಿಸೋದು ಹೇಗೆ? "ಚಿಂತೆ ಮಾಡಬೇಡಿ" ಅಂತ ಮಾತ್ರ ಹೇಳಬೇಡಿ. ಅದನ್ನ ಕೇಳಿ ಕೇಳಿ ಸಾಕಾಗಿದೆ.


ಗಂಗೋತ್ರಿ_ಬ್ಯಾಚ್ (ಮೈಸೂರು)

ಹೇಳಲ್ಲ ಅಣ್ಣ. ಚಿಂತೆಗೆ ಕಾರಣ ಇದ್ದಾಗ ಚಿಂತೆ ಬೇಡ ಅನ್ನೋದು ಅವಮಾನ.

ಮೊದಲನೇ ಹೊರೆ ಮನಸ್ಸಿನದಲ್ಲ, ದುಡ್ಡಿನದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು. ತಡ ಆದರೆ ವರ್ಷಕ್ಕೆ 15 ಶೇಕಡ ಬಡ್ಡಿ ಸೇರಿಸಬೇಕು. ಮನಃಶಾಸ್ತ್ರ ಓದಿದವಳಾಗಿ ಹೇಳ್ತೀನಿ, ಮಂಡ್ಯದ ರೈತನ ಮನಸ್ಸಿನ ಆರೋಗ್ಯಕ್ಕೆ ಈ 14 ದಿನದ ನಿಯಮ ಸರಿಯಾಗಿ ನಡೆಯೋದು ನನ್ನ ಎಷ್ಟೋ ಸಲಹೆಗಿಂತ ದೊಡ್ಡ ಔಷಧಿ.

ಎರಡನೇದು ಸಮಯ. ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್, ಜೊನಾಥನ್ ರಾಬಿನ್ಸನ್ ಕೀನ್ಯಾದಲ್ಲಿ ನೋಡಿದ್ದು ಇದು. ಸುಗ್ಗಿ ಮುಗಿದು ಕೈಯಲ್ಲಿ ದುಡ್ಡಿರೋ ಹೊತ್ತಿಗೇ ಹೋಗಿ, "ಮುಂದಿನ ಬೆಳೆಗೆ ಗೊಬ್ಬರ ಈಗಲೇ ಕೊಂಡುಬಿಡಿ, ಮನೆಗೆ ತಂದುಕೊಡ್ತೀವಿ" ಅಂದರೆ ಕೊಳ್ಳೋರು ಜಾಸ್ತಿ ಆದರು. 2011ರಲ್ಲಿ ಬಂದ ಅಧ್ಯಯನ. ತಲೆ ಹಗುರ ಇರೋ ತಿಂಗಳಲ್ಲಿ ವರ್ಷದ ತೀರ್ಮಾನ ಮುಗಿಸಿಡಿ. ವಿಮೆ, ಗೊಬ್ಬರ, ಮಕ್ಕಳ ಫೀಸು, ಏನೇ ಇರಲಿ. ಕಟಾವಿಗೆ ಮುಂಚಿನ ಎರಡು ತಿಂಗಳಲ್ಲಿ ಹೊಸ ಪತ್ರಕ್ಕೆ ಸಹಿ ಹಾಕೋ ಮುಂಚೆ ಇನ್ನೊಬ್ಬರಿಗೆ ಓದಿಸಿ.

ಮೂರನೇದು ನೆನಪನ್ನ ತಲೆಯಿಂದ ಗೋಡೆಗೆ ವರ್ಗಾಯಿಸೋದು. ದೊಡ್ಡ ಕ್ಯಾಲೆಂಡರ್, ಕೆಂಪು ಪೆನ್ನು. ಜೊತೆಗೆ ಅದೇ ದಿನಾಂಕ ಊರಿಂದ ದೂರ ಇರೋ ಮಗನ, ಮಗಳ ಫೋನಿನಲ್ಲಿ. ಹೊರೆ ಹೊತ್ತವನಿಗೇ ನೆನಪಿಡೋ ಕೆಲಸವನ್ನೂ ಕೊಡಬೇಡಿ.

ನಿದ್ದೆ ವಾರಗಟ್ಟಲೆ ಬರ್ತಿಲ್ಲ, ಊಟ ಸೇರ್ತಿಲ್ಲ, ಯಾರ ಜೊತೆಯೂ ಮಾತು ಬೇಡ ಅಂತ ಕೂತಿದ್ದಾರೆ ಅಂದರೆ ಅದು ಬರೀ ಮರೆವಲ್ಲ. 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.


ಹಳೇಮಂಡ್ಯ

ನಿನ್ನೆ ರಾತ್ರಿ ಟೀಚರ್ ಬರೆದದ್ದು, ಆ ತಾಯಿ ಬರೆದದ್ದು ಎರಡು ಸಲ ಓದಿದೆ. ನಮ್ಮ ತಂದೆ ಐದು ಮಕ್ಕಳನ್ನ ಓದಿಸಿದರು ಅಂದಿದ್ದೆ. ನಿಜ ಹೇಳಬೇಕು ಅಂದರೆ ಆರು ಜನ ನಾವು. ನಡುವಿನ ಅಣ್ಣನನ್ನ ನಾಲ್ಕನೇ ಕ್ಲಾಸಿಗೇ ಬಿಡಿಸಿ ದನಕ್ಕೆ ಕಳಿಸಿದರು, ದಡ್ಡ ಅಂತ. ಅವನು ಬರದ ವರ್ಷ ಹುಟ್ಟಿ ಬೆಳೆದವನು. ಪಂಪ್‌ಸೆಟ್ ರಿಪೇರಿಯನ್ನ ಯಾರೂ ಹೇಳಿಕೊಡದೆ ಬರೀ ನೋಡಿ ಕಲಿತ. ಸುತ್ತ ಏಳು ಊರಿಗೆ ಅವನೇ ಮೆಕ್ಯಾನಿಕ್ ಆಗಿದ್ದ. ಈಗ ಅವನಿಲ್ಲ.


ನಾಲೆಬದಿ (ಮಂಡ್ಯ)

ಸರ್, ನೀವು ಅದನ್ನ ಬರೆದದ್ದು ದೊಡ್ಡದು.

ಈ ಭಾನುವಾರ ಊರಲ್ಲಿದ್ದೆ. ಅಪ್ಪ ಜಗಲಿ ಮೇಲೆ ಕೂತು ಕುಡುಗೋಲು ಹರಿತ ಮಾಡ್ತಿದ್ದರು. ಪಕ್ಕ ಕೂತು ಆ 464 ರೈತರ ಕಥೆ ಹೇಳಿದೆ. ರೇವನ್ ಪರೀಕ್ಷೆಯ ಥರದ ಚಿತ್ರ ಒಂದು ಚೀಟಿಯಲ್ಲಿ ಬರೆದು ತೋರಿಸಿದೆ. ಕುಡುಗೋಲು ಪಕ್ಕಕ್ಕಿಟ್ಟು ಒಂದು ಸಲ ನೋಡಿ, ಸರಿಯಾದ ತುಂಡಿನ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದೆ, "ಅವತ್ತು ತಂಗಿ ಎದುರಿಗೆ ಹಾಗೆ ಅನ್ನಬಾರದಿತ್ತು ಅಪ್ಪ" ಅಂತ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರು ಗಂಡಸರನ್ನ ಮಾತ್ರ ಕೇಳಿದ್ರೇನೋ. ಮನೆ ಹೆಂಗಸರನ್ನೂ ಕೇಳಬೇಕಿತ್ತು. ಅಡ ಇಟ್ಟಿದ್ದು ನಿಮ್ಮಮ್ಮನ ಓಲೆ" ಅಂದರು.

ನನಗೆ ಗೊತ್ತೇ ಇರಲಿಲ್ಲ. ಒಳಗೆ ಮುದ್ದೆ ತಿರುವುತ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು, "ಬಿಡಿಸಬೇಕಾಗಿರೋದು ಜುಲೈ 9ಕ್ಕೆ. ಚೀಟಿ ಅಕ್ಕಿ ಡಬ್ಬದಲ್ಲಿದೆ."

ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಸುತ್ತು ಹಾಕಿದೆ. ನನ್ನ ಫೋನಿಗೂ ಹಾಕಿಕೊಂಡಿದ್ದೀನಿ, ಎರಡು ವಾರ ಮುಂಚಿನಿಂದಲೇ ನೆನಪಿಸೋ ಹಾಗೆ.